ಇಥಿಯೋಪಿಯಾದ ಹಳೆಯ ಜಾಝ್ ಮತ್ತು ಫಂಕ್ ವಾದ್ಯಸಂಗೀತ: ಎಲ್ಲಿಂದ, ಹೇಗೆ ಕೇಳಲಾರಂಭಿಸಬೇಕು?

ಇಥಿಯೋಪಿಯಾದ ಹಳೆಯ ಜಾಝ್ ಕುರಿತು ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಯಾವುದೋ ಆ್ಯಪ್‌ನಲ್ಲಿ ಒಂದು ಕೃತಿ ತಾನಾಗಿ ಬಂದು ಕಿವಿಗೆ ಬಿದ್ದಿರುತ್ತದೆ. ಸ್ಯಾಕ್ಸೋಫೋನ್, ಆರ್ಗನ್, ಗಿಟಾರ್ ಎಲ್ಲವೂ ಪಶ್ಚಿಮದವು, ಆದರೆ ಅವು ನುಡಿಸುತ್ತಿರುವ ಸ್ವರಗಳು ಮಾತ್ರ ನಮ್ಮ ಯಾವುದೋ ರಾಗದ ಹತ್ತಿರ ಸುಳಿದಂತೆ ಕೇಳಿಸುತ್ತವೆ. ಅದು ಯಾರದು, ಇನ್ನಷ್ಟು ಎಲ್ಲಿ ಸಿಗುತ್ತದೆ, ಯಾವುದನ್ನು ಮೊದಲು ಕೇಳಬೇಕು ಎಂಬ ಪ್ರಶ್ನೆಗಳಿಗೆ ಉತ್ತರವಾಗಿ ಈ ಲೇಖನ ಬರೆದಿದ್ದೇನೆ. ಹಾಡುಗಾರಿಕೆಯನ್ನು ಬದಿಗಿಟ್ಟು ವಾದ್ಯಸಂಗೀತಕ್ಕೇ ಹೆಚ್ಚು ಗಮನ ಕೊಟ್ಟಿದ್ದೇನೆ.

ಮೊದಲೇ ಒಂದು ಮಾತನ್ನು ಒತ್ತಿ ಹೇಳಬೇಕು: ಈ ಸಂಗೀತವನ್ನು ಪ್ಲೇಲಿಸ್ಟುಗಳ ಮೂಲಕ ಅರಿಯಲು ಹೋಗಬೇಡಿ, ವ್ಯಕ್ತಿಗಳ ಹೆಸರು ಹಿಡಿದು ಹೋಗಿ. ಆ್ಯಪ್‌ಗಳು ಇದನ್ನು ಓದುವಾಗ, ಕಾಫಿ ಕುಡಿಯುವಾಗ ಹಿನ್ನೆಲೆಯಲ್ಲಿ ಹರಿಯುವ ಸದ್ದಾಗಿ ಬಡಿಸುತ್ತವೆ. 1972ರ ಧ್ವನಿಮುದ್ರಣದ ಪಕ್ಕದಲ್ಲಿ ಮೊನ್ನೆ ಯುರೋಪಿನಲ್ಲಿ ತಯಾರಾದ ಅನುಕರಣೆಯನ್ನು ಇಡುತ್ತವೆ. ಹಾಗೆ ಕೇಳಿದವರಿಗೆ ಎಲ್ಲವೂ ಒಂದೇ ರೀತಿ ಎನ್ನಿಸಿ, ಕೆಲವೇ ವಾರಗಳಲ್ಲಿ ಆಸಕ್ತಿ ಕುಂದುತ್ತದೆ.

ಬೇಕಾಗುವ ಸಲಕರಣೆ ಹೆಚ್ಚೇನಿಲ್ಲ. ಬೇಸ್ ಗಿಟಾರಿನ ತಗ್ಗು ಸ್ವರಗಳನ್ನು ಸರಿಯಾಗಿ ಕೇಳಿಸುವ ಹೆಡ್‌ಫೋನ್ ಅಥವಾ ಸ್ಪೀಕರ್ ಇರಲಿ, ಏಕೆಂದರೆ ಈ ಸಂಗೀತದ ಬಹುಪಾಲು ಬೇಸ್‌ನ ಮೇಲೆ ನಿಂತಿದೆ, ಮೊಬೈಲಿನ ಸ್ಪೀಕರ್‌ನಲ್ಲಿ ಅದು ಮಾಯವಾಗುತ್ತದೆ. ಜೊತೆಗೆ ಹೆಸರುಗಳನ್ನು ಬರೆದಿಡಲು ಒಂದು ಪುಸ್ತಕ ಬೇಕು.

1. ಕಾಲದ ಎಲ್ಲೆಯನ್ನು ತಿಳಿದುಕೊಳ್ಳಿ

'ಹಳೆಯದು' ಎಂದು ಜನ ಹೇಳುವುದು ಮುಖ್ಯವಾಗಿ 1969ರಿಂದ 1975ರವರೆಗಿನ ಗ್ರಾಮಫೋನ್ ರೆಕಾರ್ಡುಗಳ ಕಾಲವನ್ನು, ಮತ್ತು ಅದರ ಹಿಂದೆಯೇ ಬಂದ ಕ್ಯಾಸೆಟ್ ಕಾಲವನ್ನು. ಆದರೆ ಅದರ ಬೇರುಗಳು ಇನ್ನೂ ಹಿಂದಕ್ಕೆ ಹೋಗುತ್ತವೆ. 1924ರಲ್ಲಿ, ಮುಂದೆ ಹೈಲೆ ಸೆಲಾಸಿ ಚಕ್ರವರ್ತಿಯಾದ ರಾಸ್ ತಫಾರಿಯವರು ಜೆರುಸಲೇಮಿನಲ್ಲಿ ಕಂಡ 40 ಮಂದಿ ಅರ್ಮೇನಿಯನ್ ಅನಾಥ ಹುಡುಗರ ವಾದ್ಯವೃಂದವನ್ನು ತಮ್ಮ ದೇಶಕ್ಕೆ ಕರೆತಂದರು. ಅವರ ಗುರು ಕೆವೋರ್ಕ್ ನಲ್ಬಂದಿಯನ್. ಅವರ ಸೋದರನ ಮಗ ನೆರ್ಸೆಸ್ ನಲ್ಬಂದಿಯನ್ ಮುಂದಿನ ದಶಕಗಳಲ್ಲಿ ಅಡಿಸ್ ಅಬಾಬಾದ ವಾದ್ಯವೃಂದಗಳನ್ನು ತರಬೇತುಗೊಳಿಸಿದರು. ಹೀಗೆ ಅರಮನೆಯ ಅಂಗರಕ್ಷಕ ಪಡೆ, ಪೊಲೀಸ್ ಇಲಾಖೆ, ಸೈನ್ಯ, ನಗರಸಭೆ ಮತ್ತು ರಂಗಮಂದಿರಗಳಿಗೆ ತಮ್ಮವೇ ಆದ ದೊಡ್ಡ ವಾದ್ಯವೃಂದಗಳು ಬೆಳೆದವು. ನೀವು ಕೇಳಲಿರುವ ಅನೇಕ ವಾದಕರು ಸಂಬಳಕ್ಕೆ ಸಮವಸ್ತ್ರ ತೊಟ್ಟು ನುಡಿಸಿದವರು ಎಂಬುದನ್ನು ನೆನಪಿನಲ್ಲಿಡಿ. ಆ ವಾದ್ಯಗಳ ಒಗ್ಗಟ್ಟಿನ ಹಿಂದಿನ ಶಿಸ್ತು ಅಲ್ಲಿಂದ ಬಂದದ್ದು.

ರೆಕಾರ್ಡುಗಳನ್ನು ಹೊರತರುವ ಅಧಿಕಾರ ರಾಜಾಜ್ಞೆಯ ಪ್ರಕಾರ ಹಗರ್ ಫಿಕಿರ್ ಎಂಬ ರಂಗಸಂಸ್ಥೆಯೊಂದಕ್ಕೇ ಇತ್ತು. 1969ರಲ್ಲಿ ಅಮ್ಹಾ ಎಶೆತೆ ಎಂಬ ತರುಣ ಅದನ್ನು ಲೆಕ್ಕಿಸದೆ ಅಮ್ಹಾ ರೆಕಾರ್ಡ್ಸ್ ಸಂಸ್ಥೆಯನ್ನು ಕಟ್ಟಿದರು, ಮತ್ತು ಆ ಧೈರ್ಯದಿಂದಲೇ ಈ ಕಾಲದ ಉತ್ತಮ ಧ್ವನಿಮುದ್ರಣಗಳು ನಮಗೆ ದಕ್ಕಿವೆ. 1974ರಲ್ಲಿ ಚಕ್ರವರ್ತಿಯನ್ನು ಕೆಳಗಿಳಿಸಿ ದೆರ್ಗ್ ಎಂಬ ಸೈನಿಕ ಸಮಿತಿ ಅಧಿಕಾರಕ್ಕೆ ಬಂದಿತು. ರಾತ್ರಿ ಕರ್ಫ್ಯೂ ಹೇರಲಾಯಿತು, ಕ್ಲಬ್ಬುಗಳು ಸೊರಗಿದವು, ಅಮ್ಹಾ ಮರುವರ್ಷ ಅಮೆರಿಕಕ್ಕೆ ಹೋದರು. ಸಂಗೀತ ನಿಲ್ಲಲಿಲ್ಲ, ಆದರೆ ದೊಡ್ಡ ಹೋಟೆಲುಗಳೊಳಗೆ ಸೇರಿಕೊಂಡು ರೆಕಾರ್ಡಿನಿಂದ ಕ್ಯಾಸೆಟ್ಟಿಗೆ ಇಳಿಯಿತು. ಈ ಒಂದು ತಿರುವು ಗೊತ್ತಿದ್ದರೆ, ಯಾವ ಧ್ವನಿಮುದ್ರಣ ಏಕೆ ಹಾಗೆ ಕೇಳಿಸುತ್ತದೆ ಎಂಬುದು ಅರ್ಧದಷ್ಟು ಅರ್ಥವಾದಂತೆಯೇ.

2. ಒಂದೇ ಒಂದು ಆಲ್ಬಂನಿಂದ ಆರಂಭಿಸಿ

ಆ ಆಲ್ಬಂ ಮುಲಾತು ಅಸ್ತಾತ್ಕೆಯವರದು. 1943ರಲ್ಲಿ ಜಿಮ್ಮಾ ಪಟ್ಟಣದಲ್ಲಿ ಹುಟ್ಟಿದ ಮುಲಾತು ಎಂಜಿನಿಯರ್ ಆಗಲೆಂದು ಬ್ರಿಟನ್ನಿಗೆ ಹೋಗಿ ಸಂಗೀತಕ್ಕೆ ತಿರುಗಿದವರು. ಲಂಡನ್ನಿನಲ್ಲಿ, ಆಮೇಲೆ ಬಾಸ್ಟನ್ನಿನ ಬರ್ಕ್‌ಲೀ ಸಂಗೀತ ಶಾಲೆಯಲ್ಲಿ ಕಲಿತು, 1966ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಆಲ್ಬಂಗಳನ್ನು ಮಾಡಿ, ಆ ದಶಕದ ಕೊನೆಗೆ ತಾಯ್ನಾಡಿಗೆ ಮರಳಿದರು. ಅವರ ಮುಖ್ಯ ವಾದ್ಯ ವೈಬ್ರಾಫೋನ್: ಸಾಲಾಗಿ ಜೋಡಿಸಿದ ಲೋಹದ ಪಟ್ಟಿಗಳನ್ನು ಉಂಡೆಗಟ್ಟಿದ ಕೋಲುಗಳಿಂದ ಬಡಿದು ನುಡಿಸುವ, ಪೆಡಲ್ ಒತ್ತಿ ನಾದವನ್ನು ಉದ್ದಕ್ಕೆ ಎಳೆಯಬಹುದಾದ ವಾದ್ಯ.

ಫ್ರಾನ್ಸಿನ ಬುಡಾ ಮ್ಯೂಸಿಕ್ ಸಂಸ್ಥೆ 'ಎತಿಯೋಪಿಕ್' ಎಂಬ ಮಾಲಿಕೆಯಲ್ಲಿ ಈ ಹಳೆಯ ಸಂಗೀತವನ್ನು ಮತ್ತೆ ಹೊರತಂದಿದೆ. ಮಾಲಿಕೆಯ ಸಂಪಾದಕರು ಫ್ರಾನ್ಸಿಸ್ ಫಾಲ್ಸೆತೋ. ಅದರ 4ನೇ ಸಂಪುಟ, 1998ರಲ್ಲಿ ಬಂದದ್ದು, ಮುಲಾತು ಅವರ 1969ರಿಂದ 1974ರವರೆಗಿನ ವಾದ್ಯಸಂಗೀತಕ್ಕೆ ಮೀಸಲಾಗಿದೆ. ಆ್ಯಪ್‌ನಲ್ಲಿ ಹುಡುಕುವಾಗ ಮಾಲಿಕೆಯ ಹೆಸರಿನ ಕೊನೆಯಲ್ಲಿ ಫ್ರೆಂಚ್ ರೂಢಿಯಂತೆ ಕ್ಯೂ, ಯು, ಇ, ಎಸ್ ಎಂಬ ನಾಲ್ಕು ಅಕ್ಷರಗಳನ್ನು ಹಾಕಿ.

ಇದನ್ನು ಮೊದಲ ಸಲ ಪೂರ್ತಿಯಾಗಿ, ನಡುವೆ ನಿಲ್ಲಿಸದೆ ಕೇಳಿ. ಎರಡನೇ ಸಲ ಮೊದಲ ಕೃತಿ 'ಯೆಕೆರ್ಮೊ ಸೆವ್' ಒಂದನ್ನೇ ಎತ್ತಿಕೊಂಡು, ಪ್ರತಿ ಸಲವೂ ಒಂದೊಂದು ವಾದ್ಯವನ್ನು ಮಾತ್ರ ಹಿಂಬಾಲಿಸಿ. ಬೇಸ್ ಒಂದು ಸಣ್ಣ ನುಡಿಯನ್ನು ಹಿಡಿದು ಬಿಡದೆ ಸುತ್ತುತ್ತಿರುತ್ತದೆ. ಹೀಗೆ ಮರುಕಳಿಸುವ ನುಡಿಯ ಮೇಲೆ ತಾಳ ಕುಳಿತು ಮೈಯನ್ನು ತೂಗಿಸುವ ಗುಣಕ್ಕೆ ಗ್ರೂವ್ ಎನ್ನುತ್ತಾರೆ, ಫಂಕ್ ಸಂಗೀತದ ಜೀವ ಇದೇ. ಅದರ ಮೇಲೆ ಊದುವಾದ್ಯಗಳು ಮುಖ್ಯ ಧಾಟಿಯನ್ನು ಅವಸರವಿಲ್ಲದೆ ಇಡುತ್ತವೆ. ಗಿಟಾರಿನ ನಾದ ಬಾಯಿ ತೆರೆದು ಮುಚ್ಚಿದಂತೆ ಅಗಲವಾಗಿ ಕಿರಿದಾಗಿ ಕೇಳಿಸುವುದು ವಾ-ವಾ ಎಂಬ ಕಾಲೊತ್ತು ಉಪಕರಣದಿಂದ. ಇಷ್ಟು ಕೇಳಿದ ಮೇಲೆ ಇಡೀ ಆಲ್ಬಂಗೆ ಮರಳಿದರೆ, ಮೊದಲು ಒಂದೇ ಬಣ್ಣದ್ದೆನ್ನಿಸಿದ್ದ ಕೃತಿಗಳು ಒಂದರಿಂದೊಂದು ಬೇರೆಯಾಗಿ ನಿಲ್ಲುತ್ತವೆ.

ಇಲ್ಲಿ ಹಲವರು ಎಡವುವುದು ಹೀಗೆ: ಈ ಸಂಪುಟ ಮೆಚ್ಚಿದ ಕೂಡಲೇ ಮಾಲಿಕೆಯ ಎಲ್ಲ ಸಂಪುಟಗಳನ್ನೂ ಸಾಲಾಗಿ ಹಾಕಿಕೊಳ್ಳುತ್ತಾರೆ. ಮಾಲಿಕೆಯ ಹೆಚ್ಚಿನ ಸಂಪುಟಗಳು ಗಾಯಕರವು, ಕೆಲವು ಪೂರ್ಣ ಸಾಂಪ್ರದಾಯಿಕ ವಾದ್ಯಗಳವು. 11ನೇ ಸಂಪುಟದಲ್ಲಿರುವುದು ಬೆಗೆನಾ ಎಂಬ ದೊಡ್ಡ ತಂತಿವಾದ್ಯದ ಜೊತೆಗಿನ ಭಕ್ತಿಗಾಯನ. ಅದು ಅಪೂರ್ವವಾದದ್ದೇ, ಆದರೆ ಫಂಕ್ ನಿರೀಕ್ಷಿಸಿ ಹೋದವರು ಅದನ್ನು ಅರ್ಧಕ್ಕೇ ಬಿಟ್ಟು ಬರುತ್ತಾರೆ.

3. ನಾಲ್ಕು ಸ್ವರಮೇಳಗಳನ್ನು ಕಿವಿಗೆ ಪರಿಚಯಿಸಿಕೊಳ್ಳಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಇಥಿಯೋಪಿಯಾದ ಎತ್ತರದ ಪ್ರಸ್ಥಭೂಮಿಯ ಸಂಗೀತ ಐದು ಸ್ವರಗಳ ಮೇಳಗಳ ಮೇಲೆ ನಿಂತಿದೆ. ಅವನ್ನು ಅಲ್ಲಿ ಕಿನಿತ್ ಎನ್ನುತ್ತಾರೆ. ಮುಖ್ಯವಾದವು ತೆಜೆತಾ, ಬಾತಿ, ಅಂಬಾಸೆಲ್, ಅಂಚಿಹೋಯೆ ಎಂಬ ನಾಲ್ಕು. ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಇದು ಬೇರೆಯವರಿಗಿಂತ ಬೇಗ ಒಲಿಯುತ್ತದೆ, ಏಕೆಂದರೆ ಐದು ಸ್ವರಗಳ ಔಡವ ರಾಗಗಳು ನಮಗೆ ಹೊಸತಲ್ಲ.

ತೆಜೆತಾದ ಒಂದು ರೂಪದಲ್ಲಿ ಸ, ಚತುಶ್ರುತಿ ರಿಷಭ, ಅಂತರ ಗಾಂಧಾರ, ಪ, ಚತುಶ್ರುತಿ ಧೈವತ ಬರುತ್ತವೆ, ಅಂದರೆ ಮೋಹನದ ಸ್ವರಗಳೇ. ಇನ್ನೊಂದು ರೂಪದಲ್ಲಿ ಗಾಂಧಾರವನ್ನು ಸಾಧಾರಣಕ್ಕೂ ಧೈವತವನ್ನು ಶುದ್ಧಕ್ಕೂ ಇಳಿಸುತ್ತಾರೆ. ವಿಷಾದದ ಛಾಯೆ ಬರುವುದು ಅಲ್ಲಿಯೇ. ಬಾತಿಯ ಒಂದು ರೂಪಕ್ಕೆ ಗಂಭೀರನಾಟದ ಸ್ವರಗಳಿವೆ, ಇನ್ನೊಂದಕ್ಕೆ ಶುದ್ಧ ಧನ್ಯಾಸಿಯವು. ಅಂಬಾಸೆಲ್‌ನಲ್ಲಿ ಕರ್ನಾಟಕ ಶುದ್ಧಸಾವೇರಿಯ ಸ್ವರಗಳನ್ನು, ಹಿಂದೂಸ್ತಾನಿ ಬಲ್ಲವರು ಗುಣಕ್ರಿಯ ಸ್ವರಗಳನ್ನು, ಗುರುತಿಸಬಹುದು. ಅಂಚಿಹೋಯೆ ಮಾತ್ರ ನಮಗೆ ಅಪರಿಚಿತ: ಅದರಲ್ಲಿ ಪಂಚಮವಿಲ್ಲ, ಶುದ್ಧ ಮಧ್ಯಮದ ಮಗ್ಗುಲಲ್ಲೇ ಪ್ರತಿ ಮಧ್ಯಮ ನಿಲ್ಲುತ್ತದೆ, ಅದರಿಂದ ಕೇಳುವವರ ಕಾಲ ಕೆಳಗಿನ ನೆಲ ಸ್ವಲ್ಪ ಜಾರಿದಂತಾಗುತ್ತದೆ. ಹಾರ್ಮೋನಿಯಂ ಅಥವಾ ಮೊಬೈಲಿನ ಕೀಬೋರ್ಡ್ ಆ್ಯಪ್ ಇದ್ದರೆ, ಪ್ರತಿಯೊಂದನ್ನೂ ಮೇಲಕ್ಕೂ ಕೆಳಕ್ಕೂ ಕೆಲವು ಸಲ ನುಡಿಸಿ, ಆಮೇಲೆ ಆಲ್ಬಂಗೆ ಮರಳಿ.

ಆದರೆ ಎಚ್ಚರ: ಸ್ವರಗಳು ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲ. ನಮ್ಮ ರಾಗವನ್ನು ರಾಗವಾಗಿಸುವ ಗಮಕ ಮತ್ತು ಸಂಚಾರದ ನಿಯಮಗಳು ಅಲ್ಲಿಲ್ಲ. ಅಲ್ಲಿನ ಸ್ವರಕಂಪನಕ್ಕೂ ತಿರುವುಗಳಿಗೂ ಅವುಗಳದ್ದೇ ಪರಂಪರೆಯಿದೆ. 'ಇದು ನಮ್ಮ ಮೋಹನವೇ' ಎಂದು ನಿರ್ಧರಿಸಿಬಿಟ್ಟರೆ ಅಲ್ಲಿಂದಾಚೆಗೆ ಕಿವಿ ಏನನ್ನೂ ಕಲಿಯುವುದಿಲ್ಲ. ಹೋಲಿಕೆಯನ್ನು ಗುರುತು ಹಿಡಿಯುವಷ್ಟಕ್ಕೆ ಮಾತ್ರ ಬಳಸಿ.

ಮುಲಾತು ಮಾಡಿದ ಕೆಲಸದ ಹಿರಿಮೆ ಈಗ ತಿಳಿಯುತ್ತದೆ. ಪಾಶ್ಚಾತ್ಯ ಜಾಝ್‌ನ ಹಾರ್ಮನಿ, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸಿ ಧಾಟಿಗೆ ಆಧಾರ ಕೊಡುವ ಪದ್ಧತಿ, ಹನ್ನೆರಡು ಸ್ವರಗಳನ್ನೂ ಬಳಸುತ್ತದೆ. ಐದೇ ಸ್ವರಗಳ ಧಾಟಿಯ ಕೆಳಗೆ ಆ ಹನ್ನೆರಡನ್ನು ಎಚ್ಚರವಿಲ್ಲದೆ ಸುರಿದರೆ ಕಿನಿತ್‌ನ ಬಣ್ಣ ಕೊಚ್ಚಿಹೋಗುತ್ತದೆ. ಧಾಟಿಯ ಗುರುತು ಕೆಡದಂತೆ ಹಾರ್ಮನಿಯನ್ನು ಆಯ್ದು ಜೋಡಿಸುವುದೇ ಅವರು 'ಇಥಿಯೋ-ಜಾಝ್' ಎಂದು ಕರೆದ ಪದ್ಧತಿ. 1972ರಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಿಸಿದ 'ಮುಲಾತು ಆಫ್ ಇಥಿಯೋಪಿಯಾ' ಆಲ್ಬಂನಲ್ಲಿ ಈ ಪದ್ಧತಿ ತುಂಬಾ ಸ್ಪಷ್ಟವಾಗಿದೆ. 4ನೇ ಸಂಪುಟದ ನಂತರ ಅದನ್ನೇ ಕೇಳಿ.

4. ಲಯವನ್ನು ಎಣಿಸಿ

ಎಲ್ಲ ಕೃತಿಗಳೂ ನಾಲ್ಕರ ಎಣಿಕೆಯಲ್ಲಿಲ್ಲ. ಚಿಕ್‌ಚಿಕಾ ಎಂಬ ಜನಪದ ಲಯ ಆರರ ಎಣಿಕೆಯದು; ಅದನ್ನು ಮೂರರ ಎರಡು ಗುಂಪಾಗಿಯೂ ಎರಡರ ಮೂರು ಗುಂಪಾಗಿಯೂ ಕೇಳಬಹುದು. ತಿಶ್ರ ನಡೆ ಬಲ್ಲವರು ಕೈಯಲ್ಲಿ ತಾಳ ಹಾಕುತ್ತಾ ಕೇಳಿದರೆ ಕೆಲವೇ ನಿಮಿಷಗಳಲ್ಲಿ ಹಿಡಿತಕ್ಕೆ ಸಿಗುತ್ತದೆ. ಭುಜಗಳನ್ನು ಅದುರಿಸಿ ಕುಣಿಯುವ ಎಸ್ಕಿಸ್ತಾ ನೃತ್ಯದ ದೃಶ್ಯವೊಂದನ್ನು ನೋಡಿದರೆ ಈ ಲಯದ ಒತ್ತು ಎಲ್ಲಿ ಬೀಳುತ್ತದೆಂಬುದು ಕಣ್ಣಿಗೇ ಕಾಣುತ್ತದೆ.

5. ಮುಲಾತು ಅವರಿಂದ ಆಚೆಗೆ ಹೋಗಿ

ಹೆಚ್ಚಿನ ಕೇಳುಗರು ಮುಲಾತು ಅವರಲ್ಲೇ ನಿಂತುಬಿಡುತ್ತಾರೆ. 2005ರ ಒಂದು ಅಮೆರಿಕನ್ ಚಲನಚಿತ್ರ ಅವರ ಸಂಗೀತವನ್ನು ಬಳಸಿಕೊಂಡ ಮೇಲಂತೂ ಇಡೀ ದೇಶದ ವಾದ್ಯಸಂಗೀತಕ್ಕೆ ಅವರೊಬ್ಬರದೇ ಹೆಸರು ಅಂಟಿಕೊಂಡಿದೆ. ಅವರು ದೊಡ್ಡವರು, ಆದರೆ ಒಬ್ಬರೇ ಅಲ್ಲ.

ಸ್ಯಾಕ್ಸೋಫೋನ್ ಇಷ್ಟವಾದವರು ಗೆತಾಚೌ ಮೆಕುರಿಯಾ ಅವರನ್ನು ಕೇಳಬೇಕು. 1935ರಲ್ಲಿ ಹುಟ್ಟಿ 2016ರಲ್ಲಿ ತೀರಿಕೊಂಡ ಅವರು ರಂಗಮಂದಿರದ ವಾದ್ಯವೃಂದದಲ್ಲಿ, ಬಳಿಕ ಪೊಲೀಸ್ ವಾದ್ಯವೃಂದದಲ್ಲಿ ನುಡಿಸಿದವರು. ಯುದ್ಧಕ್ಕೆ ಹೊರಡುವ ವೀರರು ತಮ್ಮ ಪರಾಕ್ರಮವನ್ನು ಸಾರುತ್ತಾ ಕೂಗಿ ಹೇಳುವ ಶೆಲ್ಲೆಲಾ ಎಂಬ ಪ್ರಕಾರವನ್ನು ಅವರು ಸ್ಯಾಕ್ಸೋಫೋನಿಗೆ ತಂದರು. ಎತಿಯೋಪಿಕ್ 14ನೇ ಸಂಪುಟ ಅವರದು. ನಾದ ಅಗಲವಾಗಿ ನಡುಗುತ್ತದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ, ಕೆಲವೆಡೆ ಚೀರುತ್ತದೆ. ಅಮೆರಿಕದ ಫ್ರೀ ಜಾಝ್‌ಗೆ, ಅಂದರೆ ನಿಯಮಗಳನ್ನು ಬಿಟ್ಟುಕೊಟ್ಟ ಸ್ವಚ್ಛಂದ ಜಾಝ್‌ಗೆ, ಇದನ್ನು ಹೋಲಿಸುವವರುಂಟು. ಆದರೆ ಅವರು ಈ ಶೈಲಿಯನ್ನು ಕಂಡುಕೊಂಡದ್ದು ಆ ಪ್ರಕಾರ ಹುಟ್ಟುವುದಕ್ಕೂ ಮೊದಲು, 1950ರ ದಶಕದಲ್ಲಿ. ಅನುಕರಣೆಯ ಮಾತೇ ಇಲ್ಲಿ ಬರುವುದಿಲ್ಲ. ಮೊದಲ ಸಲ ಕೇಳಿದಾಗ ಒರಟು ಎನ್ನಿಸಿದರೆ ಗಾಬರಿಯಾಗದೆ, ದನಿಯೆತ್ತಿ ಸಾರುವ ಮನುಷ್ಯನನ್ನು ಕೇಳುತ್ತಿದ್ದೇನೆಂದು ಭಾವಿಸಿ ಮತ್ತೊಮ್ಮೆ ಕೇಳಿ.

ಆರ್ಗನ್ ಮತ್ತು ಫಂಕ್ ಬೇಕಾದವರಿಗೆ ಹೈಲು ಮೆರ್ಗಿಯಾ. ಅವರು ವಾಲಿಯಾಸ್ ಬ್ಯಾಂಡಿನ ಕೀಬೋರ್ಡ್ ವಾದಕರು. ಬ್ಯಾಂಡ್ ಅಡಿಸ್ ಅಬಾಬಾದ ಹಿಲ್ಟನ್ ಹೋಟೆಲಿನಲ್ಲಿ ವರ್ಷಗಟ್ಟಲೆ ನುಡಿಸಿತು. ಕರ್ಫ್ಯೂ ಇದ್ದುದರಿಂದ ಕೇಳಲು ಬಂದವರು ಬೆಳಗಾಗುವವರೆಗೆ ಒಳಗೇ ಉಳಿಯಬೇಕಾಗುತ್ತಿತ್ತು, ವಾದಕರೂ ರಾತ್ರಿಯಿಡೀ ನುಡಿಸಬೇಕಾಗುತ್ತಿತ್ತು. ಉದ್ದಕ್ಕೆ ಎಳೆದರೂ ಬೇಸರ ತರದ ಅವರ ಗ್ರೂವ್ ಅಂಥ ರಾತ್ರಿಗಳಲ್ಲಿ ಪಳಗಿದ್ದು. 1977ರ 'ಚೆ ಬೆಲೆವ್' ಆಲ್ಬಂನಲ್ಲಿರುವ 'ಮುಸಿಕಾವಿ ಸಿಲ್ತ್' ಕೃತಿಯಿಂದ ಆರಂಭಿಸಿ. ಅದನ್ನು ರಚಿಸಿದವರು ಗಿರ್ಮಾ ಬೆಯೆನೆ. 1981ರಲ್ಲಿ ಅಮೆರಿಕ ಪ್ರವಾಸಕ್ಕೆ ಹೋದ ಹೈಲು ಅಲ್ಲೇ ಉಳಿದರು, ವಾಷಿಂಗ್ಟನ್ನಿನಲ್ಲಿ ಟ್ಯಾಕ್ಸಿ ಓಡಿಸಿದರು, ಮತ್ತು 1985ರಲ್ಲಿ ಅಕಾರ್ಡಿಯನ್, ಸಿಂಥಸೈಜರ್ ಹಾಗೂ ಡ್ರಮ್ ಮಷೀನಿನ ಜೊತೆ ಒಬ್ಬರೇ ಒಂದು ಕ್ಯಾಸೆಟ್ ಮಾಡಿದರು. 2013ರಲ್ಲಿ ಆಸಮ್ ಟೇಪ್ಸ್ ಫ್ರಮ್ ಆಫ್ರಿಕಾ ಎಂಬ ಸಂಸ್ಥೆ ಅದನ್ನು ಮರುಪ್ರಕಟಿಸಿದ ಮೇಲೆ ಅವರು ಮತ್ತೆ ವೇದಿಕೆಗೆ ಬಂದರು. ದಹ್ಲಾಕ್ ಬ್ಯಾಂಡಿನ ಜೊತೆ ಅವರು ಮಾಡಿದ 1978ರ 'ವೆದೆ ಹರೆರ್ ಗುಜೊ' ಕೂಡ ತಪ್ಪಿಸಬಾರದ್ದು. ಕ್ಯಾಸೆಟ್ಟಿನ ಸಣ್ಣ ಸರಸರ ಸದ್ದು ಅದರಲ್ಲಿ ಕೇಳಿಸುತ್ತದೆ. ಈಕ್ವಲೈಜರ್ ಹಾಕಿ ಅದನ್ನು ತೆಗೆಯಲು ಹೋದರೆ ತಾಳವಾದ್ಯದ ಮೇಲಿನ ನಾದವೂ ಅದರೊಡನೆ ಹೋಗುತ್ತದೆ, ಹಾಗೇ ಬಿಡಿ.

ಮೂರನೆಯ ದಾರಿ ಜಾಝ್‌ನ ಅಂಚಿನಿಂದ ಆಚೆಗಿನದು. ಎಮಹೋಯ್ ಸೆಗೆ-ಮರ್ಯಮ್ ಗೆಬ್ರು (1923–2023) ಸನ್ಯಾಸಿನಿ. ಎತಿಯೋಪಿಕ್ 21ನೇ ಸಂಪುಟದಲ್ಲಿ ಒಬ್ಬರೇ ಪಿಯಾನೊ ನುಡಿಸಿದ್ದಾರೆ. ತಾಳವಾದ್ಯವಿಲ್ಲ, ಗ್ರೂವ್ ಇಲ್ಲ. ಆದರೆ ಕಿನಿತ್‌ಗಳು ಬೇರೆ ಯಾವ ವಾದ್ಯದ ಮರೆಯೂ ಇಲ್ಲದೆ ಕೇಳಿಸುವುದರಿಂದ, ಮೂರನೇ ಹಂತದಲ್ಲಿ ಕಲಿತದ್ದನ್ನು ಪರೀಕ್ಷಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋರುವುದಿಲ್ಲ.

6. ಹುಡುಕುವ ರೀತಿಯನ್ನು ಸರಿಪಡಿಸಿಕೊಳ್ಳಿ

ಇಥಿಯೋಪಿಯಾದಲ್ಲಿ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿಯಿಲ್ಲ. ಎರಡನೆಯ ಹೆಸರು ತಂದೆಯದು. ಆದ್ದರಿಂದ ಪಟ್ಟಿಗಳಲ್ಲಿ ಮೊದಲ ಹೆಸರಿನಿಂದಲೇ ಹುಡುಕಿ. ಅಮ್ಹಾರಿಕ್ ಭಾಷೆಗೆ ತನ್ನದೇ ಲಿಪಿಯಿರುವುದರಿಂದ ರೋಮನ್ ಅಕ್ಷರಗಳಲ್ಲಿ ಒಂದೇ ಹೆಸರು ಹಲವು ಬಗೆಯಲ್ಲಿ ಬರುತ್ತದೆ. ಅಸ್ತಾತ್ಕೆ ಎಂಬುದನ್ನು ಕೆ ಅಕ್ಷರದಿಂದಲೂ ಕ್ಯೂ ಅಕ್ಷರದಿಂದಲೂ ಬರೆಯುತ್ತಾರೆ. ಫ್ರೆಂಚ್ ಪ್ರಕಟಣೆಗಳಲ್ಲಿ ಸ್ವರಾಕ್ಷರಗಳ ಮೇಲೆ ಓರೆ ಗೆರೆಗಳಿರುತ್ತವೆ. ಒಂದು ಬಗೆಯಲ್ಲಿ ಸಿಗದಿದ್ದರೆ ಇಲ್ಲವೆಂದುಕೊಳ್ಳದೆ ಇನ್ನೊಂದು ಬಗೆಯಲ್ಲಿ ನೋಡಿ.

ತೆಜೆತಾ ಎಂಬ ಹೆಸರು ಸ್ವರಮೇಳಕ್ಕೂ ಇದೆ, ನೆನಪು-ವಿರಹಗಳನ್ನು ಹಾಡುವ ಒಂದು ಪ್ರಸಿದ್ಧ ಹಾಡಿಗೂ ಇದೆ. ಅದನ್ನು ಬಹುತೇಕ ಪ್ರತಿಯೊಬ್ಬ ಕಲಾವಿದರೂ ತಮ್ಮದೇ ರೀತಿಯಲ್ಲಿ ನುಡಿಸಿದ್ದಾರೆ, ಹಾಡಿದ್ದಾರೆ. ಆ ಹೆಸರಿನ ಹತ್ತು ಕೃತಿಗಳು ಕಂಡರೆ ಒಂದೇ ಧ್ವನಿಮುದ್ರಣದ ನಕಲುಗಳೆಂದು ತಿಳಿದು ಒಂಬತ್ತನ್ನು ಬಿಡಬೇಡಿ.

ಇಸವಿಯ ವಿಷಯದಲ್ಲೂ ಎಚ್ಚರ ಬೇಕು. ಇಥಿಯೋಪಿಯಾದ ಪಂಚಾಂಗ ನಾವು ಬಳಸುವ ಇಸವಿಗಿಂತ ಏಳೆಂಟು ವರ್ಷ ಹಿಂದಿದೆ. ಅಲ್ಲಿನ ಹೊಸವರ್ಷ ಸೆಪ್ಟೆಂಬರಿನಲ್ಲಿ ಬರುತ್ತದೆ. ಮೂಲ ಕ್ಯಾಸೆಟ್ಟಿನ ಹೊದಿಕೆಯಲ್ಲಿ ಕಾಣುವ ಇಸವಿ ಯಾವ ಲೆಕ್ಕದ್ದೆಂದು ವಿಚಾರಿಸಿಕೊಳ್ಳಿ. ಆ್ಯಪ್‌ಗಳು ತೋರಿಸುವ ಇಸವಿಯಾದರೋ ಬಹಳ ಸಲ ಮರುಪ್ರಕಟಣೆಯದಾಗಿರುತ್ತದೆ, ಅದನ್ನು ಧ್ವನಿಮುದ್ರಣದ ಇಸವಿಯೆಂದು ನಂಬಬೇಡಿ.

7. ಕೊಳ್ಳುವ ಮುನ್ನ

ಅಮ್ಹಾ ಅಥವಾ ಕೈಫಾ ಸಂಸ್ಥೆಯ ಮೂಲ ರೆಕಾರ್ಡುಗಳು ಈಗ ಸಂಗ್ರಾಹಕರ ವಸ್ತುಗಳಾಗಿವೆ. ಆರಂಭದಲ್ಲಿ ಅವುಗಳ ಬೆನ್ನು ಹತ್ತಬೇಡಿ: ಬೆಲೆ ವಿಪರೀತ, ಬಹುಪಾಲು ಪ್ರತಿಗಳು ಬಾರುಗಳಲ್ಲಿ, ಮನೆಗಳಲ್ಲಿ ಸವೆಯುವಷ್ಟು ಬಳಕೆಯಾದವು, ಮಾರುವವರ ವರ್ಣನೆಯನ್ನು ಇಲ್ಲಿಂದ ಪರೀಕ್ಷಿಸುವ ದಾರಿಯಿಲ್ಲ. ಮರುಪ್ರಕಟಣೆಗಳನ್ನೇ ಆರಿಸಿ, ಅದರಲ್ಲೂ ಅಧಿಕೃತವಾದವನ್ನು. ಅನುಮತಿಯಿಲ್ಲದ ಅಚ್ಚುಗಳೂ ಮಾರುಕಟ್ಟೆಯಲ್ಲಿವೆ. ಗುರುತಿಸುವ ಬಗೆ ಸರಳ: ಅಧಿಕೃತ ಪ್ರಕಟಣೆಯಲ್ಲಿ ವಾದಕರ ಹೆಸರು, ಮೂಲ ಸಂಸ್ಥೆ, ಹಕ್ಕುದಾರರ ವಿವರ ಮತ್ತು ಸಾಮಾನ್ಯವಾಗಿ ಒಂದು ಪರಿಚಯ ಬರಹ ಇರುತ್ತವೆ, ಕಳ್ಳ ಅಚ್ಚಿನಲ್ಲಿ ಮುಖಪುಟದ ಮಂಕಾದ ಚಿತ್ರ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ತಮ್ಮ ದೇಶದ ರಾಜಕೀಯದಿಂದ ವೃತ್ತಿಯನ್ನೇ ಕಳೆದುಕೊಂಡ ವಾದಕರಿಗೆ ನಾವು ಕೊಡುವ ಹಣ ತಲುಪಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಭಾರತಕ್ಕೆ ತರಿಸಿಕೊಳ್ಳುವವರು ರೆಕಾರ್ಡಿನ ಬೆಲೆಯ ಜೊತೆಗೆ ಅಂಚೆವೆಚ್ಚ, ಕಸ್ಟಮ್ಸ್ ಸುಂಕ, ಐಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿಕೊಳ್ಳಬೇಕು. ಅಷ್ಟು ಬೇಡವೆಂದರೆ ಬ್ಯಾಂಡ್‌ಕ್ಯಾಂಪ್‌ನಂಥ ತಾಣದಲ್ಲಿ ಡಿಜಿಟಲ್ ಪ್ರತಿ ಕೊಂಡರೆ ಖರ್ಚು ಕಡಿಮೆ, ಧ್ವನಿಯೂ ಚೆನ್ನಾಗಿರುತ್ತದೆ.

8. ಹಾಡುಗಳ ಕಡೆಗೆ ಮರಳಿ

ವಾದ್ಯಸಂಗೀತ ಕೇಳಿ ಪಳಗಿದ ಮೇಲೆ ಗಾಯಕರತ್ತ ಹೋಗಲೇಬೇಕು, ಏಕೆಂದರೆ ಆ ಕಾಲದ ವಾದಕರ ಹೆಚ್ಚಿನ ಕೆಲಸ ಅಡಗಿರುವುದು ತಿಲಾಹುನ್ ಗೆಸೆಸೆ, ಮಹಮೂದ್ ಅಹ್ಮದ್, ಅಲೆಮಾಯೆಹು ಎಶೆತೆ ಅವರ ಹಾಡುಗಳ ಹಿಂದೆ. ಇಲ್ಲಿಯೂ ಹೆಸರು ಹಿಡಿದೇ ಹೋಗಿ, ಆದರೆ ಈ ಸಲ ಗಾಯಕರದ್ದಲ್ಲ, ವಾದ್ಯ ಸಂಯೋಜಕರದು: ಯಾವ ವಾದ್ಯ ಎಲ್ಲಿ ಬರಬೇಕೆಂದು ನಿರ್ಧರಿಸುವವರನ್ನು ಅರೇಂಜರ್ ಎನ್ನುತ್ತಾರೆ. ಮುಲಾತು ಮತ್ತು ಗಿರ್ಮಾ ಬೆಯೆನೆ ಇಬ್ಬರೂ ಅಮ್ಹಾ ಸಂಸ್ಥೆಯ ಅನೇಕ ಹಾಡುಗಳಿಗೆ ಆ ಕೆಲಸ ಮಾಡಿದ್ದಾರೆ. ಹಾಡು ಆರಂಭವಾಗುವ ಮುಂಚಿನ ಕೆಲವು ಕ್ಷಣಗಳಲ್ಲಿ, ಎರಡು ಚರಣಗಳ ನಡುವಿನ ಬಿಡುವಿನಲ್ಲಿ ಊದುವಾದ್ಯಗಳು ಏನು ಹೇಳುತ್ತವೆ ಎಂಬುದನ್ನು ಕೇಳಿ. ಗಿರ್ಮಾ ದಶಕಗಳ ಮೌನದ ನಂತರ ಪ್ಯಾರಿಸ್ಸಿನ ಅಕಾಲೆ ವುಬೆ ತಂಡದ ಜೊತೆ ಮತ್ತೆ ಹಾಡಿದರು, ನುಡಿಸಿದರು. 2017ರಲ್ಲಿ ಅದು ಎತಿಯೋಪಿಕ್ 30ನೇ ಸಂಪುಟವಾಗಿ ಬಂದಿತು. ಅವರ ಹಳೆಯ ಸಂಯೋಜನೆಗಳನ್ನು ಮೊದಲು ಕೇಳಿ, ಆಮೇಲೆ ಈ ಸಂಪುಟಕ್ಕೆ ಬನ್ನಿ. ಈ ಕ್ರಮ ತಿರುವುಮುರುವಾದರೆ ಹೊಸದರಲ್ಲಿ ಯಾವುದು ಹಳೆಯದರಿಂದ ಬಂದದ್ದು ಎಂದು ತಿಳಿಯದೇ ಹೋಗುತ್ತದೆ.